ಕೊಪ್ಪಳ, ಗಂಗಾವತಿಯಲ್ಲಿ ಎರಡೂವರೆ ದಿನ: ನಾವಿಬ್ಬರು ತಿಂದದ್ದು, ತಿನ್ನಲು ಸಿಗದೆ ಹೋದದ್ದು

ಮೈಸೂರಿನ ಹಸಿದವ:

ಹನ್ನೊಂದನೆಯ ವಿವಾಹ ವಾರ್ಷಿಕೋತ್ಸವಕ್ಕೆ ಎಲ್ಲಿಗೆ ಹೋಗೋಣ ಎಂದು ಕೇಳಿದ್ದಕ್ಕೆ ಹೆಂಡತಿ, "ಕೊಡಗು ಸಾಕು, ಊಟಿ ಸಾಕು. ರೊಟ್ಟಿ ತಿನ್ನುವ ಊರಿಗೆ ಕರೆದುಕೊಂಡು ಹೋಗಿ" ಎಂದಳು. ಸಂಜೆ ಮೈಸೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು. ಬೆಳಗ್ಗೆ ಹೊಸಪೇಟೆಯಲ್ಲಿ ಬೆನ್ನುಚೀಲದವರೆಲ್ಲ ಇಳಿದು ಬೋಗಿ ಅರ್ಧ ಖಾಲಿಯಾಯಿತು. ನಾವು ಕುಳಿತೇ ಇದ್ದೆವು. ತುಂಗಭದ್ರೆಯನ್ನು ದಾಟಿ ಕೊಪ್ಪಳದಲ್ಲಿ ಇಳಿದವರಲ್ಲಿ ಪ್ರವಾಸಿಗರು ಎನ್ನಿಸಿಕೊಳ್ಳಬಹುದಾದವರು ನಾವಿಬ್ಬರೇ.

ಹೋಟೆಲುಗಳ ಹೆಸರು ಬರೆಯುತ್ತಿಲ್ಲ. ಗುಟ್ಟು ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಚೆನ್ನಾಗಿ ತಿಂದ ನಾಲ್ಕು ಜಾಗಗಳಲ್ಲಿ ಎರಡಕ್ಕೆ ಬೋರ್ಡೇ ಇರಲಿಲ್ಲ. ಒಂದಕ್ಕೆ ಇತ್ತು, ಆದರೆ ಅದನ್ನು ಒಲೆಯ ಮಸಿ ನುಂಗಿಬಿಟ್ಟಿತ್ತು.

ಮೊದಲ ಬೆಳಗ್ಗೆ ಒಂದು ತಳ್ಳುಗಾಡಿಯ ಮುಂದೆ ನಿಂತು "ದೋಸೆ ಇದೆಯೇ?" ಎಂದು ಕೇಳಿದೆ. ಗಾಡಿಯವರು ನನ್ನ ಮುಖವನ್ನೊಮ್ಮೆ, ಹೆಗಲ ಚೀಲವನ್ನೊಮ್ಮೆ ನೋಡಿ "ಒಗ್ಗರಣಿ, ಮಿರ್ಚಿ" ಎಂದರು. ಅದು ಉತ್ತರವಲ್ಲ, ತೀರ್ಪು. ನಮ್ಮ ಕಡೆ ಒಗ್ಗರಣೆ ಎಂದರೆ ಸಾರಿನ ಮೇಲೆ ಚುರ್ರೆನ್ನುವ ಸಾಸಿವೆ. ಇಲ್ಲಿ ತಿಂಡಿಗೇ ಆ ಹೆಸರು. ಪಕ್ಕದಲ್ಲೊಂದು ಅಗಲ ಪಾತ್ರೆಯ ತುಂಬ ನೀರು. ಚೀಲದಿಂದ ನಾಲ್ಕು ಬೊಗಸೆ ಮಂಡಕ್ಕಿಯನ್ನು ನೀರಿಗೆ ಸುರಿದು, ಎರಡು ಸಲ ಅದುಮಿ, ನಾವು ಮಾತು ಮುಗಿಸುವುದರೊಳಗೆ ಎತ್ತಿ ಹಿಂಡಿ ಬಾಣಲೆಗೆ ಹಾಕಿದರು. ಬಾಣಲೆಯಲ್ಲಿ ಆಗಲೇ ಶೇಂಗಾ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಸಿನ ಕಾದು ಕುಳಿತಿದ್ದವು. ಕೊನೆಯಲ್ಲಿ ಒಂದು ಹಿಡಿ ಪುಟಾಣಿ ಹಿಟ್ಟು ಉದುರಿಸಿ ಕೆಳಗಿನಿಂದ ಮೇಲಕ್ಕೆ ಮಗುಚಿದರು. ಮಂಡಕ್ಕಿಯಲ್ಲಿ ಉಳಿದ ನೀರನ್ನೆಲ್ಲ ಆ ಹಿಟ್ಟು ಕುಡಿದುಬಿಡುತ್ತದೆ. ಒಂದೊಂದು ಕಾಳೂ ಬಿಡಿಬಿಡಿ. ಪಕ್ಕದಲ್ಲಿ ಎರಡು ಮಿರ್ಚಿ. ಮೊದಲನೆಯದನ್ನು ಕಚ್ಚಿದಾಗ ನಾನು ಹೆಂಡತಿಯ ನೀರಿನ ಬಾಟಲಿಯನ್ನೂ ಖಾಲಿ ಮಾಡಿದೆ.

ಅಲ್ಲಿಂದ ಕುಕನೂರು, ಇಟಗಿ. ಇಟಗಿಯ ಮಹಾದೇವ ದೇವಾಲಯ 1112ರದ್ದು, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನದಲ್ಲಿ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದ್ದಾರೆ. ಆ ಕಂಬಗಳ ನುಣುಪನ್ನು ನೋಡುತ್ತ ಮೂರು ಗಂಟೆ ಕಳೆದದ್ದೇ ಗೊತ್ತಾಗಲಿಲ್ಲ. ಕೊಪ್ಪಳಕ್ಕೆ ಹಿಂದಿರುಗಿದಾಗ ಮೂರೂವರೆ.

ಮೊಬೈಲಿನ ನಕ್ಷೆಯಲ್ಲಿ ಐದಾರು ಖಾನಾವಳಿಗಳು 'ತೆರೆದಿದೆ' ಎಂದು ಹಸಿರು ಅಕ್ಷರದಲ್ಲಿ ಕರೆಯುತ್ತಿದ್ದವು. ಮೊದಲನೆಯದರಲ್ಲಿ ನೆಲ ತೊಳೆಯುತ್ತಿದ್ದರು. ಎರಡನೆಯದರಲ್ಲಿ ಕುರ್ಚಿಗಳು ಕಾಲು ಮೇಲೆ ಮಾಡಿ ಮೇಜಿನ ಮೇಲೆ ಮಲಗಿದ್ದವು. ಮೂರನೆಯದರಲ್ಲಿ ಅಡುಗೆಯವರೇ ವೃತ್ತಾಕಾರವಾಗಿ ಊಟಕ್ಕೆ ಕುಳಿತಿದ್ದರು. "ಇದ್ದುದನ್ನು ತಿನ್ನಿ, ಬನ್ನಿ" ಎಂದರು. ಸಂಕೋಚದಿಂದ ಬೇಡ ಎಂದು ಹೊರಬಂದೆ. ಆ ಸಂಕೋಚಕ್ಕೆ ಮನೆಯಲ್ಲಿ ಇಂದಿಗೂ ಬೈಸಿಕೊಳ್ಳುತ್ತಿದ್ದೇನೆ. ಅಂದು ಮಧ್ಯಾಹ್ನ ನಾವು ತಿಂದದ್ದು ಬಾಳೆಹಣ್ಣು ಮತ್ತು ಬಿಸ್ಕತ್ತು.

ಎರಡನೆಯ ದಿನ ಬುದ್ಧಿ ಬಂದಿತ್ತು. ಗಂಗಾವತಿಯಲ್ಲಿ ನಾನು ಪತ್ತೆ ಹಚ್ಚಿದ ಒಂದು ಖಾನಾವಳಿಗೆ ಒಂದು ಗಂಟೆಗೆ ಸರಿಯಾಗಿ ಹೋಗಿ ಕುಳಿತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಮಡಿಕೆ ಕಾಳು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು, ಹಸಿ ಈರುಳ್ಳಿ, ಮೆಂತ್ಯದ ಎಳೆ ಸೊಪ್ಪು. ಸೊಪ್ಪನ್ನು ಅಲಂಕಾರಕ್ಕೆ ಇಟ್ಟಿದ್ದಾರೆಂದು ಬದಿಗೆ ಸರಿಸಿದೆ. ಬಡಿಸುವವರು ಅದನ್ನು ಮತ್ತೆ ನನ್ನ ಮುಂದಕ್ಕೆ ಸರಿಸಿದರು.

ಸಾಣಾಪುರದ ಕಡೆ ಒಂದು ಕೆಫೆಯಲ್ಲಿ ಪಾಸ್ತಾಕ್ಕೆಂದು ಒಂದು ಗಂಟೆ ಕಾದ ಕಥೆಯನ್ನು ಇಲ್ಲಿ ಹೇಳುವುದಿಲ್ಲ. ನದಿ ಚೆನ್ನಾಗಿತ್ತು, ಬೆಕ್ಕು ಚೆನ್ನಾಗಿತ್ತು.

ಕೊನೆಯ ದಿನ ಗಂಗಾವತಿಯ ಹೊರಗೆ ಒಂದು ಆಂಧ್ರ ಮೆಸ್ಸಿನಲ್ಲಿ ಊಟ. ಕೊಪ್ಪಳ ಜಿಲ್ಲೆಯ ನಟ್ಟನಡುವೆ ಇಷ್ಟು ಅಚ್ಚುಕಟ್ಟಾದ ಪಪ್ಪು, ಗೋಂಗುರ ಪಚ್ಚಡಿ ಹೇಗೆ ಬಂತು? ಗೊತ್ತಿದ್ದವರು ತಿಳಿಸಿ. ತಪ್ಪು ಬರೆದಿದ್ದರೆ ತಿದ್ದಿ.

ಕೊಪ್ಪಳದ ಗಾಳಿ:

ತಿದ್ದುವುದು ಒಂದೇ ಇದೆ. "ಬುದ್ಧಿ ಬಂದಿತ್ತು" ಎಂದು ಬರೆದಿದ್ದೀರಿ, ಅದು ಬಂದಿರುವುದು ಅರ್ಧ. ನಮ್ಮ ಊರುಗಳಲ್ಲಿ ಊಟ ಹುಡುಕುವವರು ಜಾಗ ಹುಡುಕುತ್ತಾರೆ, ಹುಡುಕಬೇಕಾದದ್ದು ಹೊತ್ತನ್ನು. ಬೆಳಗ್ಗೆ ಒಗ್ಗರಣಿ ಮಾಡುವ ಗಾಡಿ ಹತ್ತೂವರೆಗೆ ಮಾಯ. ಅದೇ ಜಾಗದಲ್ಲಿ ಸಂಜೆ ನಾಲ್ಕಕ್ಕೆ ಇನ್ನೊಬ್ಬರ ಮಿರ್ಚಿ, ಭಜಿ, ಚುರುಮುರಿಯ ಗಾಡಿ ಬರುತ್ತದೆ. ಅದು ಎಂಟಕ್ಕೆ ಎದ್ದರೆ ಮೊಟ್ಟೆಯವನು ಬರುತ್ತಾನೆ. ಒಂದೇ ಚೌಕು, ಮೂರು ಹೋಟೆಲು. ನಿಮ್ಮ ನಕ್ಷೆಗೆ ಇದು ಹೇಗೆ ತಿಳಿಯಬೇಕು?

ಇನ್ನೊಂದು. ಒಗ್ಗರಣಿಯ ಜೊತೆ ಮಿರ್ಚಿಯನ್ನು ಹಾಗೆಯೇ ಕಚ್ಚುವುದಲ್ಲ. ಮುರಿದು ಒಗ್ಗರಣಿಯೊಳಗೆ ಕಲಸಿಕೊಂಡು ತಿನ್ನಬೇಕು. ಆಗ ಖಾರ ಎಲ್ಲ ತುತ್ತಿಗೂ ಹಂಚಿಹೋಗುತ್ತದೆ, ಹೆಂಡತಿಯ ನೀರು ಹೆಂಡತಿಗೇ ಉಳಿಯುತ್ತದೆ.

ಬಳ್ಳಾರಿ ಬಿಸಿಲು:

ಒಗ್ಗರಣೆ ಕೊಪ್ಪಳದ ತಿಂಡಿ ಎಂಬ ಭಾವನೆ ಯಾರಿಗೂ ಬರಬಾರದು ಎಂದು ಬರೆಯುತ್ತಿದ್ದೇನೆ. ಬಳ್ಳಾರಿಯಲ್ಲಿ ಕೋಟೆಯ ಬಂಡೆ ಕಾಯುವ ಮೊದಲೇ ಒಗ್ಗರಣೆಯ ಬಾಣಲೆ ಕಾದಿರುತ್ತದೆ. ಗುಂತಕಲ್ಲು, ಆದೋನಿ, ಕರ್ನೂಲಿನಲ್ಲಿ ಇದೇ ತಿಂಡಿಗೆ ಉಗ್ಗಾಣಿ ಎನ್ನುತ್ತಾರೆ, ಜೊತೆಗೆ ಬಜ್ಜಿ. ನಾವು 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿ ಅವರ ಜೊತೆಗೇ ಇದ್ದವರು. ಗಡಿ ಬಂದದ್ದು ನಕ್ಷೆಗೆ, ಬಾಣಲೆಗೆ ಅಲ್ಲ.

ರಾಯಚೂರಿನ ಎರಡು ನದಿ:

ಬಳ್ಳಾರಿಯವರು ಎಲ್ಲವನ್ನೂ ತಮ್ಮದೆನ್ನುವುದು ಹೊಸದೇನಲ್ಲ. ಕಲಬುರಗಿಯ ಕಡೆ ಇದಕ್ಕೆ ಸುಸಲಾ ಎನ್ನುತ್ತಾರೆ; ಇನ್ನೂ ಮೇಲೆ ಮರಾಠವಾಡಕ್ಕೆ ಹೋದರೆ ಸುಶೀಲಾ! ನನ್ನ ಅತ್ತೆಯ ಹೆಸರೂ ಅದೇ. ಲಾತೂರಿನ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗ "ಬಿಸಿ ಬಿಸಿ ಸುಶೀಲಾ" ಎಂದು ಕೂಗುತ್ತ ಹೋದಾಗ ಮಾವನವರ ಮುಖ ನೋಡಬೇಕಿತ್ತು.

ಹಸಿದವರೇ, ಇಷ್ಟು ದೂರ ಬಂದು ರಾಯಚೂರಿಗೆ ಬರದೆ ಹೋದಿರಲ್ಲ. ನಾವೂ ಕೊಪ್ಪಳವೂ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವರು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿಯವರೆಗೆ ನಮ್ಮ ಜಿಲ್ಲೆಯೇ. ನಿಜಾಮರ ಕಾಲ ಹೋಯಿತು, ಮದುವೆ ಮನೆಗಳಲ್ಲಿ ಬಗಾರ ಅನ್ನ ಮತ್ತು ದಾಲ್ಚಾ ಉಳಿಯಿತು. ನೀವು ಸಸ್ಯಾಹಾರಿಗಳೋ?

ಮೈಸೂರಿನ ಹಸಿದವ:

ನಾನು ಎಲ್ಲವನ್ನೂ ತಿನ್ನುತ್ತೇನೆ, ಅವಳು ತಿನ್ನುವುದಿಲ್ಲ. ಹಾಗಾಗಿ ಪ್ರವಾಸದಲ್ಲಿ ನಾನೂ ತಿನ್ನುವುದಿಲ್ಲ. ಸಾವಜಿ ಖಾನಾವಳಿಯೊಂದರ ಮುಂದೆ ಹಾದುಹೋಗುವಾಗ ಸ್ವಲ್ಪ ನಿಧಾನವಾಗಿ ನಡೆದೆ, ಅಷ್ಟೇ.

ತೆಂಗಿನೆಣ್ಣೆ:

ನಾನು ಕರಾವಳಿಯವನು. ಕಳೆದ ವರ್ಷ ಕೆಲಸದ ಮೇಲೆ ಗಂಗಾವತಿಯಲ್ಲಿ ಎರಡು ದಿನ ಇದ್ದೆ. ಎಲ್ಲರೂ ಹೊಗಳುವ ಈ ಊಟ ನನಗೆ ಹಿಡಿಸಲಿಲ್ಲ. ಎಣ್ಣೆಗಾಯಿಯಲ್ಲಿ ಎಣ್ಣೆಯೇ ಮುಂದೆ, ಕಾಯಿ ಹಿಂದೆ. ಕೆಂಪು ಚಟ್ನಿಯನ್ನು ಬೆರಳ ತುದಿಯಲ್ಲಿ ಮುಟ್ಟಿ ಬೆವರಿದೆ. ತೆಂಗಿನಕಾಯಿ ಎಲ್ಲಿಯೂ ಇಲ್ಲ. ರೊಟ್ಟಿಯನ್ನು ಹೊಗಳುವವರು ಅದರಲ್ಲಿ ಉಪ್ಪಿಲ್ಲ ಎಂಬುದನ್ನು ಯಾಕೆ ಹೇಳುವುದಿಲ್ಲ? ಎರಡನೆಯ ದಿನ ಮೊಸರನ್ನ ಹುಡುಕಿಕೊಂಡು ಹೋದೆ. ಸುಮ್ಮನೆ ಎಲ್ಲರೂ ಹೌದು ಹೌದು ಎನ್ನುತ್ತಿದ್ದೀರಿ, ಅದಕ್ಕೆ ಬರೆದೆ.

ವರ್ಗಾವಣೆಯ ಗಿರಾಕಿ:

ತೆಂಗಿನೆಣ್ಣೆಯವರ ಮಾತನ್ನು ನಾನೂ ಮೊದಲ ವಾರ ಆಡಿದ್ದೆ. ಬ್ಯಾಂಕಿನ ಕೆಲಸ, ಚಾಮರಾಜನಗರದಿಂದ ಕೊಪ್ಪಳಕ್ಕೆ ವರ್ಗ. ಮನೆಯವರು ಊರಲ್ಲಿ, ನಾನು ಇಲ್ಲಿ ಖಾನಾವಳಿಯಲ್ಲಿ ತಿಂಗಳ ಲೆಕ್ಕ. ಮೊದಲ ದಿನ ರೊಟ್ಟಿಯನ್ನು ಚಪಾತಿಯ ಹಾಗೆ ಹರಿದು ಪಲ್ಯದಲ್ಲಿ ಅದ್ದಿ ತಿಂದೆ. ಪಕ್ಕದಲ್ಲಿದ್ದ ಹಿರಿಯರು ಎರಡು ದಿನ ಸಹಿಸಿಕೊಂಡರು. ಮೂರನೆಯ ದಿನ "ಸಾಹೇಬರೇ, ಹೀಗೆ ಮಾಡಿ" ಎಂದು ಶೇಂಗಾ ಚಟ್ನಿಯ ನಡುವೆ ಬೆರಳಿನಿಂದ ಗುಳಿ ತೋಡಿ, ಅದಕ್ಕೆ ಮೊಸರು ಹಾಕಿಸಿ, ಕಲಸಿ ಕೊಟ್ಟರು. ರೊಟ್ಟಿಯಲ್ಲಿ ಉಪ್ಪಿಲ್ಲದ್ದು ಸುತ್ತಲಿನ ಎಲ್ಲದರಲ್ಲೂ ಅದು ಇದೆ ಎಂದೇ. ಖಾರದ ಒಂದು ತುತ್ತು, ಮೊಸರಿನ ಒಂದು ತುತ್ತು, ನಡುವೆ ಈರುಳ್ಳಿ. ಬೇರೆ ಬೇರೆಯಾಗಿ ತಿಂದರೆ ತೆಂಗಿನೆಣ್ಣೆಯವರ ಗತಿ ಆಗುತ್ತದೆ.

ಮೂರು ವರ್ಷ ಇದ್ದೆ. ಹೊರಡುವಾಗ ಖಾನಾವಳಿಯವರು ಕೊನೆಯ ತಿಂಗಳ ಲೆಕ್ಕದಲ್ಲಿ ಹೋಳಿಗೆಯನ್ನು ಬರೆದಿರಲಿಲ್ಲ.

ಹಸಿದವನ ಹೆಂಡತಿ:

ಈ ಚರ್ಚೆಯ ಕೊಂಡಿಯನ್ನು ನಮ್ಮವರೇ ಹೆಮ್ಮೆಯಿಂದ ಕಳುಹಿಸಿದರು. ಓದಿದೆ. ಖಾತೆ ತೆರೆಯುವಷ್ಟು ಸಿಟ್ಟು ಬಂತು.

"ನಾನು ಪತ್ತೆ ಹಚ್ಚಿದ ಒಂದು ಖಾನಾವಳಿ" ಎಂದಿದ್ದಾರೆ. ಅವರು ಆ ಹೊತ್ತಿನಲ್ಲಿ ಲಾಡ್ಜಿನಲ್ಲಿ ಮೊಬೈಲಿಗೆ ಚಾರ್ಜ್ ಹಾಕಿಕೊಂಡು ಮಲಗಿದ್ದರು. ಪತ್ತೆ ಹಚ್ಚಿದ್ದು ನಾನು, ಗಂಗಾವತಿಯ ಪೇಟೆಯಲ್ಲಿ ಒಂದು ಬಳೆ ಅಂಗಡಿಯಲ್ಲಿ. ಅರ್ಧ ಡಜನ್ ಹಸಿರು ಗಾಜಿನ ಬಳೆ ತೊಡಿಸುತ್ತಿದ್ದ ಅಜ್ಜಿಯನ್ನು, "ಅಮ್ಮಾ, ಇಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತದೆ?" ಎಂದು ಕೇಳಿದೆ. ಅವರು ತಲೆ ಎತ್ತಲಿಲ್ಲ. "ಮನೆಯಲ್ಲಿ" ಎಂದರು. ಆಮೇಲೆ ನಗುತ್ತ, "ಹಿಂದಿನ ಬೀದಿಯಲ್ಲಿ ಒಂದಿದೆ ತಂಗಿ. ಒಂದು ಗಂಟೆಗೆ ಹೋದರೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ, ಅದೇ ಗುರುತು. ಮೂರಕ್ಕೆ ಹೋದರೆ ಮುಸುರೆ ತಿಕ್ಕುವ ಸಪ್ಪಳ ಕೇಳುತ್ತದೆ" ಎಂದರು.

ಹೋದೆವು. ಕೇಳಿಸಿತು. ನಮ್ಮವರು ಊಟದ ಪಟ್ಟಿ ಬರೆದರು, ಅಡುಗೆಮನೆಯ ಮಾತು ಬರೆಯಲಿಲ್ಲ, ಏಕೆಂದರೆ ಒಳಗೆ ಹೋದವಳು ನಾನು. ಮೂವರು ಹೆಂಗಸರು ಸಾಲಾಗಿ ಕುಳಿತಿದ್ದರು. ಒಬ್ಬರು ಪರಾತದಲ್ಲಿ ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ನೀರು ಹೊಯ್ದು, ಮೊದಲು ಸೌಟಿನಿಂದ ಕಲಸಿ, ಆಮೇಲೆ ಅಂಗೈಯ ಹಿಮ್ಮಡದಿಂದ ಒತ್ತಿ ಒತ್ತಿ ನಾದುತ್ತಿದ್ದರು. ಇನ್ನೊಬ್ಬರು ಒಣಹಿಟ್ಟು ಉದುರಿಸಿ ಬಡಿಯುತ್ತಿದ್ದರು. ಬಡಿಯುವ ಕೈ ಒಂದೇ, ಆದರೆ ರೊಟ್ಟಿ ತಾನಾಗಿ ತಿರುಗುತ್ತಿತ್ತು! ಎಷ್ಟು ಹೊತ್ತು ನೋಡಿದರೂ ಅದನ್ನು ತಿರುಗಿಸುವ ಬೆರಳು ಯಾವುದೆಂದು ನನಗೆ ಗೊತ್ತಾಗಲಿಲ್ಲ. ತವೆಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ, ಕೊನೆಗೆ ಕೆಂಡದ ಕಡೆಗೆ ಒರಗಿಸಿದರೆ ಚೆಂಡಿನಂತೆ ಉಬ್ಬುತ್ತಿತ್ತು. "ನಾನೊಂದು ಬಡಿಯಲೇ?" ಎಂದು ಕೇಳಿದೆ. ಬಡಿದೆ. ಅದು ನಮ್ಮ ರಾಜ್ಯದ ನಕ್ಷೆಯ ಆಕಾರಕ್ಕೆ ಬಂದು, ಬೀದರಿನ ಹತ್ತಿರ ಹರಿಯಿತು. ಅದನ್ನೂ ಸುಟ್ಟು ನಮ್ಮವರ ತಟ್ಟೆಗೇ ಹಾಕಿದರು. ಅವರು ಅದನ್ನು "ಬಹಳ ಮೃದುವಾಗಿದೆ" ಎಂದು ಹೊಗಳಿ ತಿಂದರು. ಈಗ ಓದಿ ತಿಳಿದುಕೊಳ್ಳಲಿ.

ಮೊದಲ ದಿನ ಊಟಕ್ಕೆ ಕರೆದವರನ್ನು ಬೇಡ ಎಂದು ಬಂದದ್ದರ ಬಗ್ಗೆ ನಾನು ಇಲ್ಲಿ ಏನೂ ಬರೆಯುವುದಿಲ್ಲ. ಮನೆಯಲ್ಲಿ ಹೇಳಿದ್ದು ಸಾಕು.

ಮೈಸೂರಿನ ಹಸಿದವ:

ಆ ರೊಟ್ಟಿ ನಿಜವಾಗಿಯೂ ಮೃದುವಾಗಿತ್ತು.

ಖಾನಾವಳಿಯ ಮನೆಮಗಳು:

ಅಕ್ಕಾ, ನಿಮ್ಮ ಬರಹ ಓದಿ ನಮ್ಮ ಅವ್ವನಿಗೆ ಓದಿ ಹೇಳಿದೆ. ನಮ್ಮದು ಗಂಗಾವತಿಯದಲ್ಲ, ಕುಷ್ಟಗಿಯ ಕಡೆ. ಮೂರೂವರೆಗೆ ಯಾಕೆ ಬಾಗಿಲು ಹಾಕುತ್ತಾರೆ ಎಂಬುದನ್ನು ಒಳಗಿನವಳಾಗಿ ಹೇಳುತ್ತೇನೆ.

ಗೋಧಿ ಹಿಟ್ಟನ್ನು ಕಲಸಿ ಎರಡು ಗಂಟೆ ಇಟ್ಟರೆ ಇನ್ನೂ ಚೆನ್ನಾಗುತ್ತದೆ. ಜೋಳದ ಹಿಟ್ಟು ಕಾಯುವುದಿಲ್ಲ. ಅದರಲ್ಲಿ ಗೋಧಿಯಲ್ಲಿರುವ ಅಂಟು ಇಲ್ಲ. ಕುದಿಯುವ ನೀರು ಬಿದ್ದಾಗ ಬರುವ ಜಿಗಿಯೇ ಅದಕ್ಕೆ ಆಧಾರ. ನಾದಿದ ಕೂಡಲೇ ಬಡಿಯಬೇಕು, ಬಡಿದ ಕೂಡಲೇ ಬೇಯಿಸಬೇಕು. ಹಿಟ್ಟು ಬೀಸಿಸಿ ಬಹಳ ದಿನವಾಗಿದ್ದರೂ ಜಿಗಿ ಹೋಗಿ ಅಂಚು ಬಿರಿಯುತ್ತದೆ. ಹಾಗಾಗಿ ನಾವು ಎರಡು ಮೂರು ದಿನಕ್ಕೊಮ್ಮೆ ಗಿರಣಿಗೆ ಹೋಗುತ್ತೇವೆ. ಗಿರಾಕಿ ಬಂದಾಗ ಮಾಡಿಕೊಡುತ್ತೇವೆ ಎಂದು ಹಿಟ್ಟು ಕಲಸಿಟ್ಟು ಕುಳಿತುಕೊಳ್ಳಲು ಆಗುವುದಿಲ್ಲ. ಬಡಿಯುವವರು ಹತ್ತೂವರೆಗೆ ಬಂದು ಒಲೆಯ ಮುಂದೆ ಕುಳಿತರೆ ಏಳುವುದು ಎರಡೂವರೆಗೆ. ಅವರಿಗೂ ಮನೆ ಇದೆ, ಶಾಲೆಯಿಂದ ಬರುವ ಮಕ್ಕಳಿದ್ದಾರೆ, ಸಂಜೆ ಮತ್ತೆ ಒಲೆಯ ಮುಂದೆ ಕುಳಿತುಕೊಳ್ಳಬೇಕು. ಬೇಸಿಗೆಯಲ್ಲಿ ನಮ್ಮ ಕಡೆಯ ಮಧ್ಯಾಹ್ನ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಅದರ ಜೊತೆಗೆ ಒಲೆಯ ಬಿಸಿಯನ್ನೂ ಸೇರಿಸಿ ನೋಡಿ.

ಜೋಳದಲ್ಲಿಯೂ ವ್ಯತ್ಯಾಸವಿದೆ. ಹಿಂಗಾರಿಯಲ್ಲಿ ಕಪ್ಪು ನೆಲದಲ್ಲಿ ಇಬ್ಬನಿಗೆ ಬೆಳೆಯುವ ಬಿಳಿ ಜೋಳದ ರೊಟ್ಟಿ ಬೇರೆ, ಮುಂಗಾರಿನ ಹೈಬ್ರಿಡ್ ಜೋಳದ ರೊಟ್ಟಿ ಬೇರೆ. ಎರಡನೆಯದು ತಣ್ಣಗಾದರೆ ಹಪ್ಪಳ. ನೀರು ಬಂದ ಕಡೆ ರೈತರು ಭತ್ತಕ್ಕೆ ಹೋದರು, ನೀರಿಲ್ಲದ ಕಡೆ ಮೆಕ್ಕೆಜೋಳ, ಹತ್ತಿ. ಒಳ್ಳೆಯ ಬಿಳಿ ಜೋಳಕ್ಕೆ ಈಗ ನಾವು ಹುಡುಕಿಕೊಂಡು ಹೋಗಬೇಕು. ಖಾನಾವಳಿಯ ಊಟದ ದರ ಹತ್ತು ರೂಪಾಯಿ ಏರಿಸಿದರೆ ಬೋರ್ಡಿನ ಕಡೆ ಬೆರಳು ತೋರಿಸಿ ಜಗಳ ಆಡುವವರೇ, ಎಷ್ಟು ಬೇಕಾದರೂ ಬಡಿಸುತ್ತಾರೆ ಎಂದು ಮೂರು ರೊಟ್ಟಿ ಹಾಕಿಸಿಕೊಂಡು ಒಂದೂವರೆಯನ್ನು ತಟ್ಟೆಯಲ್ಲಿ ಬಿಟ್ಟು ಕೈ ತೊಳೆಯುತ್ತಾರೆ. ಅವ್ವ ಏನೂ ಅನ್ನುವುದಿಲ್ಲ. ಆ ತಟ್ಟೆಯನ್ನು ಮಾತ್ರ ಸ್ವಲ್ಪ ಜೋರಾಗಿ ಎತ್ತುತ್ತಾಳೆ.

ಕ್ಯಾಂಪಿನ ಹುಡುಗ:

ಆಂಧ್ರ ಮೆಸ್ಸಿನ ಪ್ರಶ್ನೆಗೆ ನಾನು ಉತ್ತರಿಸಬೇಕು, ನಾನೇ ಆ ಉತ್ತರ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆಗೆ ನೀರು ಬಂದಾಗ, ನೀರಾವರಿ ಬೇಸಾಯ ಗೊತ್ತಿದ್ದ ಕುಟುಂಬಗಳು ಕೃಷ್ಣಾ, ಗೋದಾವರಿ ಕಡೆಯಿಂದ ಬಂದು ಇಲ್ಲಿ ಜಮೀನು ಕೊಂಡವು. ಗದ್ದೆಯ ಬದಿಯಲ್ಲಿ ಹಾಕಿಕೊಂಡ ಗುಡಿಸಲುಗಳೇ ಊರುಗಳಾದವು. ಗಂಗಾವತಿ, ಕಾರಟಗಿ, ಸಿಂಧನೂರಿನ ಸುತ್ತ ಹೆಸರಿನ ಕೊನೆಗೆ 'ಕ್ಯಾಂಪ್' ಎಂದು ಇರುವ ಊರುಗಳಲ್ಲಿ ಹೆಚ್ಚಿನವು ಹೀಗೆ ಬಂದವು. ನನ್ನ ತಾತ ಬಂದದ್ದು ಹಾಗೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ.

ಹಸಿದವರೇ, ನೀವು ಎರಡನೆಯ ದಿನ ತಿಂದ ಪುಂಡಿ ಪಲ್ಯಕ್ಕೂ ಮೂರನೆಯ ದಿನ ತಿಂದ ಗೋಂಗುರ ಪಚ್ಚಡಿಗೂ ಇರುವ ಸಂಬಂಧ ಗಮನಿಸಿದಿರಾ? ಎರಡೂ ಒಂದೇ ಸೊಪ್ಪು. ಖಾನಾವಳಿಯವರು ಅದನ್ನು ತೊಗರಿ ಬೇಳೆ, ಜೋಳದ ನುಚ್ಚಿನ ಜೊತೆ ಬೇಯಿಸಿ, ಮಸೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ಹುಳಿಯನ್ನು ಪಳಗಿಸುತ್ತಾರೆ. ನಮ್ಮವರು ಎಣ್ಣೆಯಲ್ಲಿ ಬಾಡಿಸಿ, ಒಣಮೆಣಸಿನಕಾಯಿಯ ಜೊತೆ ರುಬ್ಬಿ ಹುಳಿಯನ್ನು ಇನ್ನೂ ರೇಗಿಸುತ್ತಾರೆ. ಒಂದೇ ಮಡಿಯ ಸೊಪ್ಪು ಸಂತೆಯಲ್ಲಿ ಎರಡು ಹೆಸರಿನಿಂದ ಮಾರಾಟವಾಗುವುದನ್ನು ನಾನು ನೋಡಿದ್ದೇನೆ.

ಇನ್ನೊಂದು ಕೆಲಸ ಮಾಡಿ. ಮೈಸೂರಿನ ನಿಮ್ಮ ಮನೆಯಲ್ಲಿ ಸೋನಾ ಮಸೂರಿಯ ಚೀಲವಿದ್ದರೆ ಅದರ ಮೇಲಿನ ಗಿರಣಿಯ ವಿಳಾಸ ಓದಿ. ನಮ್ಮೂರಿನ ಊಟವನ್ನು ನೀವು ವರ್ಷಗಳಿಂದ ಮಾಡುತ್ತಿರಬಹುದು. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಇಲ್ಲಿ ಯಾವ ಮನೆಯಲ್ಲೂ ಒಲೆಯ ಕಡೆ ಗಮನವಿರಲಿಲ್ಲ. ತಾತ ಟಿವಿಯ ಮುಂದೆ ಕುಳಿತವರು, ಆ ಜಾಗಕ್ಕೆ ತಾತ್ಕಾಲಿಕ ಗೇಟು ಕೂರಿಸಿದ ಸುದ್ದಿ ಬರುವವರೆಗೆ ಸರಿಯಾಗಿ ಉಣ್ಣಲಿಲ್ಲ.

ಹಸಿದವನ ಹೆಂಡತಿ:

ಚೀಲ ನೋಡಿದೆ. ಕಾರಟಗಿ!

ಬಳ್ಳಾರಿ ಬಿಸಿಲು:

ಒಗ್ಗರಣೆಯ ವಿಚಾರ ಇನ್ನೂ ಮುಗಿದಿಲ್ಲ.

ಕೊಪ್ಪಳದ ಗಾಳಿ:

ಮುಗಿದಿದೆ ಅಣ್ಣ. ನೀವು ಗೆದ್ದಿರಿ. ನಾವು ತಿನ್ನುತ್ತೇವೆ.

ತೆಂಗಿನೆಣ್ಣೆ:

ಮನೆಮಗಳ ಬರಹ ಓದಿದ ಮೇಲೆ ತಟ್ಟೆಯಲ್ಲಿ ನಾನು ಬಿಟ್ಟುಬಂದ ಒಂದೂವರೆ ರೊಟ್ಟಿ ನೆನಪಾಯಿತು. ಖಾರದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ರೊಟ್ಟಿಯ ಬಗ್ಗೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಶೇಂಗಾ ಚಟ್ನಿಯಲ್ಲಿ ಗುಳಿ ತೋಡುವ ವಿಧಾನವನ್ನು ಯಾರೂ ನನಗೆ ಹೇಳಲಿಲ್ಲ, ಅದು ನನ್ನ ದೂರು.

ಮೈಸೂರಿನ ಹಸಿದವ:

ಮತ್ತೆ ಹೋಗುವ ಯೋಚನೆ ಇದೆ. ಜನವರಿಯೋ ಡಿಸೆಂಬರೋ? ಅಂಜನಾದ್ರಿಯ ಮೆಟ್ಟಿಲುಗಳನ್ನು ಈ ಸಲ ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿ ಪಶ್ಚಾತ್ತಾಪಪಟ್ಟೆವು.

ವರ್ಗಾವಣೆಯ ಗಿರಾಕಿ:

575 ಮೆಟ್ಟಿಲನ್ನು ಹನ್ನೆರಡು ಗಂಟೆಯ ಬಿಸಿಲಿನಲ್ಲಿ ಹತ್ತಿದವರಿಗೆ ನಮಸ್ಕಾರ. ಸೂರ್ಯ ಹುಟ್ಟುವ ಮೊದಲು ಹತ್ತಿ, ಇಳಿದು ಬರುವಷ್ಟರಲ್ಲಿ ಕೆಳಗೆ ಇಡ್ಲಿ ಸಿಗುತ್ತದೆ. ಡಿಸೆಂಬರಿನಲ್ಲಿ ಹನುಮಮಾಲೆ ಧರಿಸಿದವರು ಮಾಲೆ ವಿಸರ್ಜನೆಗೆ ಬರುವ ದಿನಗಳನ್ನು ನೋಡಿಕೊಂಡು ಬನ್ನಿ. ಆಗ ಗಂಗಾವತಿಯಿಂದ ಆನೆಗೊಂದಿಯವರೆಗೆ ರಸ್ತೆಯೇ ಜನ. ಕೋಣೆಯೂ ಸಿಗುವುದಿಲ್ಲ, ಚಹಾ ಸಿಗುವುದೂ ಕಷ್ಟ.

ಜನವರಿಯಾದರೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಬನ್ನಿ. ಜಾತ್ರೆಗೆ ಮೊದಲೇ ಸುತ್ತಲಿನ ಹಳ್ಳಿಗಳ ಮನೆಮನೆಯಲ್ಲಿ ರೊಟ್ಟಿ ಬಡಿದು, ಒಣಗಿಸಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು, ಕೆಲವರು ಡೊಳ್ಳು ಭಜನೆಯ ಜೊತೆ ಮೆರವಣಿಗೆಯಲ್ಲಿ ಮಠಕ್ಕೆ ತಂದು ಒಪ್ಪಿಸುತ್ತಾರೆ. ನಾನು ಮೊದಲ ಸಲ ಅದನ್ನು ನೋಡಿದಾಗ ಟ್ರ್ಯಾಕ್ಟರಿನಲ್ಲಿ ಹಂಚು ಸಾಗಿಸುತ್ತಿದ್ದಾರೆ ಎಂದುಕೊಂಡಿದ್ದೆ. ದಾಸೋಹ ದಿನಗಟ್ಟಲೆ ನಡೆಯುತ್ತದೆ: ರೊಟ್ಟಿ, ಕಾಳು ಪಲ್ಯ, ಮಾದಲಿ, ಹಾಲು, ಒಂದು ದಿನ ಮಿರ್ಚಿ ಕೂಡ. ಸಾಲಿನಲ್ಲಿ ಕುಳಿತ ಮೇಲೆ ಜಿಲ್ಲಾಧಿಕಾರಿಯೂ ಒಂದೇ, ಕೂಲಿಯವರೂ ಒಂದೇ ತಟ್ಟೆ. ಊಟವಾದ ಮೇಲೆ ಬೆಟ್ಟದ ಮೇಲಿನ ಅಶೋಕನ ಶಾಸನವನ್ನು ನೋಡಿ ಬನ್ನಿ. ಊಟಕ್ಕೆ ಮೊದಲು ಹೋದರೆ ಅಕ್ಷರಗಳು ಕಣ್ಣಿಗೆ ಹತ್ತುವುದಿಲ್ಲ.

ರಾಯಚೂರಿನ ಎರಡು ನದಿ:

ಹಾಗೆಯೇ ಮುಂದೆ ರಾಯಚೂರಿಗೂ ಬನ್ನಿ ಎಂದು ಮತ್ತೊಮ್ಮೆ ಹೇಳುತ್ತೇನೆ. ಬಂದರೆ ಅತ್ತೆಯ ಕೈಯಲ್ಲೇ ಸುಶೀಲಾ ಮಾಡಿಸುತ್ತೇನೆ.

ಹಸಿದವನ ಹೆಂಡತಿ:

ಜನವರಿ ಎಂದು ನಿಶ್ಚಯಿಸಿದ್ದೇನೆ. ನಮ್ಮವರಿಗೆ ಇನ್ನೂ ಹೇಳಿಲ್ಲ, ಇಲ್ಲಿಯೇ ಓದಿಕೊಳ್ಳುತ್ತಾರೆ.

ಮನೆಮಗಳೇ, ನಿಮ್ಮಲ್ಲಿ ಒಂದು ಪ್ರಶ್ನೆ. ಹೊರಡುವ ದಿನ ಐವತ್ತು ಕಡಕ್ ರೊಟ್ಟಿ ಕಟ್ಟಿಸಿಕೊಂಡು ಬಂದಿದ್ದೆವು. ರೈಲಿನಲ್ಲಿ ಮೇಲಿನ ಬರ್ತಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ರಾತ್ರಿ ನಮ್ಮವರು ತಲೆದಿಂಬು ಸಾಲದೆಂದು ಅದರ ಮೇಲೆ ತಲೆ ಇಟ್ಟು ಮಲಗಿದ್ದಾರೆ. ಮೂವತ್ತು ಉಳಿದಿವೆ, ಇಪ್ಪತ್ತು ಪುಡಿ. ಪುಡಿಯನ್ನು ಏನು ಮಾಡುವುದು?

ಖಾನಾವಳಿಯ ಮನೆಮಗಳು:

ಅವ್ವನನ್ನು ಕೇಳಿದೆ. ಬಹಳ ಹೊತ್ತು ನಕ್ಕಳು. ಆಮೇಲೆ ಹೇಳಿದ್ದು ಇಷ್ಟು: ಪುಡಿಯ ಮೇಲೆ ನೀರು ಮಜ್ಜಿಗೆ ಚಿಮುಕಿಸಿ ಐದು ನಿಮಿಷ ಬಿಡಿ, ನೆನೆಯಬೇಕು, ಮುದ್ದೆಯಾಗಬಾರದು. ಈರುಳ್ಳಿ, ಹಸಿಮೆಣಸಿನಕಾಯಿ, ಶೇಂಗಾ, ಕರಿಬೇವು, ಅರಿಸಿನ ಹಾಕಿ ಒಗ್ಗರಣೆ ಕೊಟ್ಟು ಅದರಲ್ಲಿ ಮಗುಚಿ. ಮೇಲೆ ಪುಟಾಣಿ ಹಿಟ್ಟು, ಕೊತ್ತಂಬರಿ. ಅಳಿಯಂದಿರಿಗೆ ಅದನ್ನೇ ಮೂರು ದಿನ ಕೊಡಿ ಎಂದಳು.

ಬಳ್ಳಾರಿ ಬಿಸಿಲು:

ಇದೂ ಬಳ್ಳಾರಿಯದೇ.

ಮೈಸೂರಿನ ಹಸಿದವ:

ಇವತ್ತು ಎರಡನೆಯ ದಿನ. ಪುಟಾಣಿ ಹಿಟ್ಟು ಹಾಕುವುದನ್ನು ಮರೆತಿದ್ದಾಳೆ. ನಾನೇನೂ ಅನ್ನಲಿಲ್ಲ.